ನಲವತ್ತೆಂಟು ಮನೆಯ ಹಳದಿ

ಒಂಟಿಕೊಪ್ಪಲು, ಮೈಸೂರು
ತಾ. ೧೮-೪-೧೯೬೩

ಚಿ. ಸೌ. ಶಿವನಂಜಮ್ಮನಿಗೆ ನಿನ್ನ ಅವ್ವ ದೇವಿರಮ್ಮನ ಆಶೀರ್ವಾದ.

'ಸೌ.' ಎಂದು ಸೇರಿಸಿದ್ದು ಚಂದ್ರಮತಿಯ ಬಲವಂತಕ್ಕೆ. ನಾನಾಗಿ ಸೇರಿಸಿದೆ ಎಂದು ತಿಳಿದು ಹಿಗ್ಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಚೆನ್ನಾಗಿಲ್ಲ, ಅದು ಚೆನ್ನಾಗಿದ್ದ ಕಾಲ ನಿನಗೂ ನೆನಪಿರಲಾರದು. ನೀನೂ ನಿನ್ನ ಗಂಡ ನಿಂಗಯ್ಯನೂ ಭದ್ರಾವತಿಯಲ್ಲಿ ಸುಖವಾಗಿದ್ದೀರಿ ಎಂದು ನಿನ್ನ ಕಾಗದಗಳಿಂದ ತಿಳಿದಿದೆ. ವರ್ಷಕ್ಕೊಂದರಂತೆ ಗೌರಿಹಬ್ಬಕ್ಕೆ ನೀನು ಬರೆದ ಹನ್ನೊಂದು ಕಾಗದಕ್ಕೆ ಈಗ ಒಂದು ಉತ್ತರ ಬರೆಯುತ್ತಿದ್ದೇನೆ. ತಡವಾಯಿತು. ಕೂಲಿಮಠದಲ್ಲಿ ಎರಡು ವರ್ಷ ಮರಳ ಮೇಲೆ ಬೆರಳಿಟ್ಟು ತಿದ್ದಿ ಕಲಿತ ಅಕ್ಷರ, ಬೇಗ ಬೇಗ ಬಾ ಎಂದರೆ ಬರುವುದಿಲ್ಲ. ಸದ್ಯಕ್ಕೆ ಇಷ್ಟೇ ಕಾರಣ ಎಂದು ಇಟ್ಟುಕೋ.

ನಿನ್ನಣ್ಣ ಚಾಮಯ್ಯನ ಮಗಳು, ನೀನು ಎತ್ತಿ ಆಡಿಸಿದ ಚಂದ್ರಮತಿಗೆ, ಮದುವೆ. ಮೇ ಒಂಬತ್ತನೇ ತಾರೀಕು. ಹುಡುಗ ಬನ್ನೂರಿನ ಕಡೆಯವನು, ಕರೆಂಟು ಆಫೀಸಿನಲ್ಲಿ ಗುಮಾಸ್ತ. ಮಾತು ಕಡಿಮೆ. ನಮ್ಮ ಮನೆಗೆ ಬಂದು ನನ್ನ ಎದುರಿಗೆ ಕೂತರೆ ಇನ್ನೂ ಕಡಿಮೆಯಾಗುತ್ತದೆ. ನೀನು ಬಂದು ಅರಿಸಿನ ಹಚ್ಚದಿದ್ದರೆ ಹಸೆಮಣೆಯ ಮೇಲೆ ಕೂರುವುದಿಲ್ಲ ಎಂದು ನಿನ್ನ ಸೊಸೆ ಹಟ ಹಿಡಿದಿದ್ದಾಳೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ಇದರ ಜೊತೆಯಲ್ಲಿ ಚಿತ್ರದ ಲಗ್ನಪತ್ರಿಕೆ ಒಂದಿದೆ. ನೋಡಿದ ಕೂಡಲೇ ನಿನಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ನೆಂಟರ ಮನೆಗೆಲ್ಲ ನಾಲ್ಕು ಬಣ್ಣದ್ದು ಹೋಗಿದೆ, ನಿನಗೆ ಒಂದೇ ಬಣ್ಣದ್ದು. ಅದು ಹೇಗಾಯಿತು ಎಂದು ಹೇಳಲಿಕ್ಕೇ ಇಷ್ಟು ಬರೆಯುತ್ತಿರುವುದು. ಪೂರ್ತಿ ಓದದೆ ಹರಿಯಬೇಡ. ಓದಿದ ಮೇಲೆ ಬೇಕಾದರೆ ಹರಿ.

ನಿನ್ನಣ್ಣ ಇನ್ನೂ ಡ್ರಾಯಿಂಗ್ ಮೇಷ್ಟ್ರೇ. ಹದಿನೆಂಟು ವರ್ಷದಿಂದ ಮಿಡ್ಲ್‌ಸ್ಕೂಲಿನ ಮಕ್ಕಳ ಕೈಯಲ್ಲಿ ಹೂಜಿ ಬರೆಸಿ ಬರೆಸಿ ಅವನ ಮುಖವೂ ಹೂಜಿಯ ಆಕಾರಕ್ಕೆ ಬಂದಿದೆ. ಹೋದ ಬೇಸಿಗೆಯಲ್ಲಿ ಮೇಷ್ಟ್ರುಗಳಿಗೆಲ್ಲ ಬೆಂಗಳೂರಿನಲ್ಲಿ ಒಂದು ತಿಂಗಳು ತರಬೇತಿ ಕೊಟ್ಟರಂತೆ. ಹೋಗುವಾಗ ಸ್ವಲ್ಪ ಬುದ್ಧಿ ಇತ್ತು. ಅದನ್ನು ಅಲ್ಲೇ ಬಿಟ್ಟು ಒಂದು ವಿದ್ಯೆ ತಂದ.

"ಅವ್ವ, ಮಗಳ ಮದ್ವೆ ಪತ್ರಿಕೆ ಹೊರಗಡೆ ಅಚ್ಚಾಕ್ಸಲ್ಲ. ಮನೇಲೇ ಮಾಡ್ತೀನಿ," ಎಂದ.

"ಯಾಕ್ಲಾ, ಮೈಸೂರಲ್ಲಿರೋ ಛಾಪಖಾನೆ ಎಲ್ಲ ಬಾಗ್ಲು ಹಾಕ್ಕೊಂಡು ಹೋದ್ವಾ?"

"ಅವರತ್ರ ಇರೋದು ಅದೇ ಗಣಪತಿ, ಅದೇ ಬಾಳೆಕಂಬ ಕಣವ್ವ. ಎಲ್ಲಾರ ಮದ್ವೆಗೂ ಅದೇ."

"ನಿನ್ನ ಮಗಳ ಮದ್ವೆಗೆ ಗಣಪತಿ ಸೊಂಡಿಲು ಬದಲಾಯಿಸ್ಕೊಂಡು ಬರ್ಬೇಕಿತ್ತಾ?"

ನನ್ನ ಮಾತು ಯಾರು ಕೇಳುತ್ತಾರೆ. ದೂರದವರಿಗೆ ಛಾಪಖಾನೆಯ ಪತ್ರಿಕೆ, ಹತ್ತಿರದ ನೆಂಟರಿಗೆ ಕೈಯಲ್ಲಿ ಮಾಡಿದ್ದು ಎಂದು ಗಂಡ ಹೆಂಡತಿ ತೀರ್ಮಾನ ಮಾಡಿಕೊಂಡರು. ಯಾವುದೋ ಹಳೆಯ ಬಂಗಲೆಯ ನೆಲದಿಂದ ಕಿತ್ತು ಹರಾಜಿಗೆ ಹಾಕಿದ್ದ ಲಿನೋಲಿಯಂ ಹಾಸಿನ ತುಂಡೊಂದನ್ನು ತಂದು ಹಲಗೆಗೆ ಅಂಟಿಸಿದ. ಚಪ್ಪಲಿಯ ಅಟ್ಟೆಯಷ್ಟು ದಪ್ಪ. ಬಿಸಿಲಿಗಿಟ್ಟರೆ ಮೆತ್ತಗಾಗಿ ಬೆಲ್ಲದ ಹಾಗೆ ಕೆತ್ತಿ ಬರುತ್ತದೆ. ಯಾವ ಯಾವ ದೊರೆ ಬೂಟು ಹಾಕಿಕೊಂಡು ತುಳಿದಿದ್ದನೋ, ಅದರ ಮೇಲೆ ನನ್ನ ಮೊಮ್ಮಗಳ ಲಗ್ನ. ಕೆತ್ತುವುದಕ್ಕೆ ಉಳಿ ಬೇಡವೇ? ನಿಮ್ಮಪ್ಪ ಹೋದಾಗಿನಿಂದ ಗೋಡೆಯ ಗೂಟದಲ್ಲಿ ನೇತಾಡುತ್ತಿದ್ದ ಕೊಡೆಯ ಕಡ್ಡಿ ಮುರಿದು, ಕಲ್ಲಿಗೆ ಮಸೆದು, ಮರದ ಹಿಡಿ ಹಾಕಿಕೊಂಡ. ಬಣ್ಣ ಬಳಿಯುವುದಕ್ಕೆ ನನ್ನ ಹಪ್ಪಳದ ಲಟ್ಟಣಿಗೆಗೆ ಸೈಕಲ್ ಟ್ಯೂಬು ತೊಡಿಸಿದ. ಕಾಗದದ ಬೆನ್ನು ಉಜ್ಜುವುದಕ್ಕೆ ನನ್ನ ಹಿತ್ತಾಳೆ ಸೌಟು. ಒಟ್ಟಿನಲ್ಲಿ ಈ ಮಹಾವಿದ್ಯೆಯಲ್ಲಿ ಅವನದು ಅಂತ ಇದ್ದದ್ದು ಹುಚ್ಚು ಒಂದೇ.

ಕೆಲಸ ಹೀಗೆ ನಡೆಯುತ್ತದೆ, ಸರಿಯಾಗಿ ಓದಿಕೋ, ಮುಂದಕ್ಕೆ ಬೇಕಾಗುತ್ತದೆ. ಹಲಗೆ ಒಂದೇ, ಬಣ್ಣ ನಾಲ್ಕು. ಮೊದಲು ಬಿಳಿಯಾಗಿ ಉಳಿಯಬೇಕಾದ ಕಡೆ ಮಾತ್ರ ಕೆತ್ತಿ, ಮಿಕ್ಕದ್ದಕ್ಕೆಲ್ಲ ಹಳದಿ ಬಳಿದು, ಅಷ್ಟೂ ಕಾಗದದ ಮೇಲೆ ಒತ್ತುವುದು. ಆಮೇಲೆ ಹಳದಿಯಾಗಿಯೇ ಉಳಿಯಬೇಕಾದ ಜಾಗವನ್ನು ಹಲಗೆಯಿಂದ ಕೆತ್ತಿ ಎಸೆದು, ಅದೇ ಹಲಗೆಗೆ ಹಸಿರು ಬಳಿದು, ಅದೇ ಕಾಗದಗಳ ಮೇಲೆ ಇನ್ನೊಂದು ಸಲ ಒತ್ತುವುದು. ಹೀಗೆಯೇ ಕೆಂಪು, ಕೊನೆಗೆ ಕಪ್ಪು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಕೊನೆಯಲ್ಲಿ ತಿಳಿ ಬಣ್ಣ ಹಚ್ಚಿದರೆ ನಿಲ್ಲುವುದಿಲ್ಲ ಎಂದು ಅವನ ಶಾಸ್ತ್ರ. ಒಂದೊಂದು ಬಣ್ಣಕ್ಕೂ ಹಲಗೆ ಕರಗುತ್ತ ಹೋಗುತ್ತದೆ. ಕೆತ್ತಿ ಎಸೆದದ್ದನ್ನು ಮತ್ತೆ ಅಂಟಿಸುವುದು ಬ್ರಹ್ಮನಿಗೂ ಆಗದು. ಅದಕ್ಕೇ ಹಳದಿ ಒತ್ತುವ ದಿನವೇ ಎಷ್ಟು ಮನೆ ಎಂದು ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ಒಂದೇ ಒಂದು ಹೆಚ್ಚಿಗೆ ಕೊಡಿ ಎಂದು ಅತ್ತರೂ ಇಲ್ಲ.

"ಮಾಡ್ತಾ ಮಾಡ್ತಾ ಕೈಲಿರೋದೇ ಇಲ್ದಂಗೆ ಆಗೋದು ಒಂದು ವಿದ್ಯೇನ್ಲಾ?" ಎಂದೆ. "ಇದ್ನ ನಿಮ್ಮ ಚಿಕ್ಕಪ್ಪಂದಿರು ಇಸ್ಪೀಟು ಹಾಕ್ಕೊಂಡು ಊರಲ್ಲೇ ಕಲ್ತಿದ್ರು. ಬೆಂಗ್ಳೂರಿಗೇನೂ ಹೋಗ್ಲಿಲ್ಲ."

ಚಿತ್ರ ಏನೆಂದರೆ, ಮಾವಿನ ತೋರಣದ ಕೆಳಗೆ, ಹೊಸಿಲ ಮೇಲೆ ನಿಂತು, ಅರಿಸಿನ ಕುಂಕುಮದ ಬಟ್ಟಲು ಚಾಚಿ ಮದುವೆಗೆ ಕರೆಯುವ ಹೆಂಗಸು. ಅರಿಸಿನ ಹಚ್ಚಿದ ಮುಖ ಹಳದಿ, ತೋರಣ ಹಸಿರು, ಸೀರೆ ಕೆಂಪು. ಜಡೆ, ಕಣ್ಣು, ಹೊಸಿಲು ಕಪ್ಪು. ಬರೆದು ತಂದು ಮುಂದಿಟ್ಟು, ಹೊಗಳುತ್ತೇನೆ ಎಂದು ಕಾದ.

"ಯಾಕ್ಲಾ, ಇವಳು ಎಡಗೈಲಿ ಕುಂಕುಮ ಕೊಡ್ತಾಳಲ್ಲ?"

"ಬಲಗೈ ಕಣವ್ವ. ಕಣ್ಣು ಕಾಣಲ್ವಾ?"

"ಹಲಗೇಲಿ ಬಲ, ಕಾಗದದಲ್ಲಿ ಎಡ ಆಯ್ತದೆ. ಸಂಕ್ರಾಂತಿ ಸಕ್ಕರೆ ಅಚ್ಚಿನ ಮಣೇಲಿ ಗಿಣಿ ಯಾವ ಕಡೆ ನೋಡ್ತದೆ, ಸಕ್ಕರೇಲಿ ಯಾವ ಕಡೆ ನೋಡ್ತದೆ, ಒಂದು ದಿನಾನಾದ್ರೂ ನೋಡಿದ್ದೀಯಾ? ಕಚ್ಚಿ ತಿನ್ನೋದೊಂದು ಗೊತ್ತು."

ಹೂಜಿ ಮುಖ ಇನ್ನಷ್ಟು ಉದ್ದವಾಯಿತು. ಅಳಿಸಿ, ತಿರುಗಿಸಿ ಬರೆದ. ನಾನು ನೋಡದಿದ್ದರೆ ನೆಂಟರ ಮನೆಗೆಲ್ಲ ಎಡಗೈಯಲ್ಲಿ ಕರೆ ಹೋಗುತ್ತಿತ್ತು. ಬೆಂಗಳೂರಿನ ಒಂದು ತಿಂಗಳಿಗೆ ನಮ್ಮ ಒಂದು ಸಂಕ್ರಾಂತಿ ಸಾಕು.

ಆಮೇಲೆ ಮನೆ ಲೆಕ್ಕ ಹಾಕಿದ. ನಲವತ್ತೆಂಟು ಎಂದು ಬಂತು. ಕೆಟ್ಟು ಹೋದರೆ ಇರಲಿ ಎಂದು ನಾಲ್ಕು ಸೇರಿಸಿ ಐವತ್ತೆರಡು ಕಾಗದಕ್ಕೆ ಹಳದಿ ಒತ್ತಿದ. ಆ ಲೆಕ್ಕದಲ್ಲಿ ಒಂದು ಮನೆ ಬಿಟ್ಟು ಹೋಗಿತ್ತು. ಅದು ನಿನ್ನದು. ಮೇಷ್ಟ್ರು ಲೆಕ್ಕ ಅಂದರೆ ಹೀಗೇ. ಹುಡುಗರ ಹಾಜರಿ ಕೂಗುವುದೊಂದು ಬರುತ್ತದೆ, ಸ್ವಂತ ತಂಗಿ ಇದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ.

ಹಳದಿ ಒಣಗಲು ಮೂರು ದಿನ, ಹಸಿರಿಗೆ ಮೂರು ದಿನ. ನಡುಮನೆಯ ತುಂಬ ಹಗ್ಗ. ಬಗ್ಗಿಕೊಂಡೇ ಓಡಾಡಬೇಕು. ಬಣ್ಣ ತೊಳೆಯುವ ಸೀಮೆಎಣ್ಣೆಯ ನಾತ ಸಾರಿಗೂ ಹತ್ತಿತ್ತು. ಕಾಗದ ಕದಲದಿರಲಿ ಎಂದು ಮಣೆಗೆ ಎರಡು ಮೊಳೆ ಹೊಡೆದು, ಅದಕ್ಕೆ ತಾಗಿಸಿ ಇಡಬೇಕೆಂದು ಕಟ್ಟಪ್ಪಣೆ ಮಾಡಿದ್ದ. ಅವನೇ ತಾಗಿಸದೆ ಇಟ್ಟ ಒಂದರಲ್ಲಿ ತೋರಣ ಜಾರಿ ಹೆಂಗಸಿನ ಮೂಗಿನಿಂದ ಮಾವಿನೆಲೆ ಹೊರಟಿತು. ಇನ್ನೊಂದನ್ನು ನಿನ್ನತ್ತಿಗೆ ಪುಟ್ಟತಾಯಮ್ಮ ತಲೆಕೆಳಗಾಗಿ ಇಟ್ಟಳು. ಅವಳು ಯಾವುದನ್ನು ನೆಟ್ಟಗೆ ಇಟ್ಟಿದ್ದಾಳೆ ಹೇಳು. ಮೂರನೆಯದು ಗಾಳಿಗೆ ಹಾರಿ ನನ್ನ ಸಂಡಿಗೆಯ ಮೇಲೆ ಮಗುಚಿಕೊಂಡು, ಸಂಡಿಗೆಯೂ ಹೋಯಿತು, ಪತ್ರಿಕೆಯೂ ಹೋಯಿತು. ನಾಲ್ಕನೆಯದರ ಮೇಲೆ ಮೇಷ್ಟ್ರು ತಾವೇ ಕಾಫಿ ಲೋಟ ಇಟ್ಟರು. ಕೆಂಪು ಒತ್ತಿ ಮುಗಿಯುವಷ್ಟರಲ್ಲಿ ಉಳಿದದ್ದು ನಲವತ್ತೆಂಟು. ಮನೆಗೆ ಒಂದು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ಈ ನಡುವೆ ಪಕ್ಕದ ಮನೆಯ ರಮಾಮಣಿ ನೋಡಲು ಬಂದಳು. ಅವಳ ಗಂಡ ಅರಮನೆ ಕಚೇರಿಯ ಕೆಲಸದಿಂದ ಇಳಿದು ಎಂಟು ವರ್ಷವಾಯಿತು, ಇವಳು ಮಾತ್ರ ಇನ್ನೂ ಅಂಬಾರಿಯಿಂದ ಇಳಿದಿಲ್ಲ.

"ಬಹಳ ಚೆನ್ನಾಗಿದೆ ದೇವಿರಮ್ಮನವರೇ. ಆದ್ರೆ ಕೊನೇಲಿ ಕಪ್ಪು ಬಳೀತಾರಂತಲ್ಲ? ಶುಭಕಾರ್ಯದ ಪತ್ರಿಕೆಗೆ ಕಪ್ಪೇನ್ರೀ?"

ಅಷ್ಟು ಸಾಕಾಯಿತು ಪುಟ್ಟತಾಯಮ್ಮನಿಗೆ. ಬೀಗರು ಏನಂದುಕೊಳ್ಳುತ್ತಾರೆ ಎಂದು ಸೆರಗು ಬಾಯಿಗೆ ಇಟ್ಟುಕೊಂಡಳು. ಅವಳ ಬೀಗರಿಗೆ ಇವಳಿಗಿಂತ ಬೇರೆ ಅಪಶಕುನ ಬೇಕೇ? ಚಾಮಯ್ಯ, "ಕಪ್ಪಿಲ್ದೆ ಜಡೆ ಯಾವ ಬಣ್ಣ ಮಾಡ್ಲಿ? ಹಳದಿ ಜಡೆ ಬುಟ್ಟು ದೊರೆಸಾನಿ ಮಾಡ್ಲಾ?" ಎಂದು ಕೂಗಾಡಿದ. ಇಬ್ಬರನ್ನೂ ಸುಮ್ಮನಿರಿಸಿ, "ಕೆಂಪಿಗೆ ನೀಲಿ ಜಾಸ್ತಿ ಹಾಕಿ ಬದನೆಕಾಯಿ ಬಣ್ಣ ಕಲಸು ಕಣ್ಲಾ. ಗಾಢಾನೂ ಆಯ್ತು, ಕಪ್ಪೂ ಅಲ್ಲ," ಎಂದು ನಾನೇ ಹೇಳಬೇಕಾಯಿತು. ತರಬೇತಿಗೆ ಅವನ ಬದಲು ನನ್ನನ್ನು ಕಳಿಸಿದ್ದರೆ ಸರ್ಕಾರಕ್ಕೆ ಪುಣ್ಯ ಬರುತ್ತಿತ್ತು.

ಕೆಂಪು ಒಣಗಿತ್ತು. ಸೀರೆಯ ಜಾಗವನ್ನೂ ಕೆತ್ತಿ ಎಸೆದು ಕೊನೆಯ ಬಣ್ಣಕ್ಕೆ ಹಲಗೆ ಸಿದ್ಧವಾಗಿತ್ತು. ಚಂದ್ರಮತಿ ಲಕೋಟೆಗಳ ಮೇಲೆ ಮನೆ ಮನೆಯ ವಿಳಾಸ ಬರೆಯುತ್ತ ಕೂತಿದ್ದವಳು ಕೊನೆಯ ಲಕೋಟೆಯನ್ನು ತಿರುಗಿಸಿ ನೋಡಿದಳು.

"ಅಪ್ಪ, ನಂಜತ್ತೆದು ಎಲ್ಲಿ?"

ಚಾಮಯ್ಯ ಹಲಗೆ ಒರೆಸುತ್ತಲೇ ಇದ್ದ.

"ನಲವತ್ತೆಂಟೂ ಬರ್ದೆ. ಭದ್ರಾವತಿ ಇಲ್ವೇ ಇಲ್ಲ. ಇನ್ನೊಂದು ಹಾಕ್ಕೊಡಿ."

ಚಾಮಯ್ಯ ಹಲಗೆ ಎತ್ತಿ ತೋರಿಸಿದ. "ಎಲ್ಲಿಂದ ಹಾಕ್ಲವ್ವ? ಹಳದಿ ಜಾಗ ಹೋಯ್ತು, ಹಸಿರು ಹೋಯ್ತು, ಕೆಂಪೂ ಹೋಯ್ತು. ಇದ್ರಲ್ಲಿ ಉಳ್ದಿರೋದು ಕಣ್ಣು, ಜಡೆ, ಹೊಸ್ಲು ಅಷ್ಟೇ."

"ನನ್ನ ತಲೆ ಬಾಚ್ದೋರು, ಕೈ ಹಿಡ್ದು ಅಕ್ಷರ ತಿದ್ಸಿದೋರು ಹತ್ತಿರದ ನೆಂಟರಲ್ವಾ? ಇನ್ನ್ಯಾರಪ್ಪ ಹತ್ತಿರ? ಎಲ್ಡು ವರ್ಷಕ್ಕೊಂದ್ಸಲ ಬಂದು ಉಂಡ್ಕೊಂಡು ಹೋಗೋರಾ?"

"ಕೂಡಿಕೆ ಆದೋರು ಮದ್ವೆ ಅರಿಸಿನ ಮುಟ್ಟಂಗಿಲ್ಲ ಕಣೆ, ಬೀಗರು ಎದ್ದು ಹೋಗ್ತಾರೆ," ಎಂದು ಪುಟ್ಟತಾಯಮ್ಮ ಬಾಯಿ ಹಾಕಿದಳು.

"ಹೋಗ್ಲಿ ಬುಡಿ. ನಂಜತ್ತೆ ಅರಿಸಿನ ಹಚ್ಚದೆ ನಾನೂ ಹಸೆ ಮೇಲೆ ಕೂರಲ್ಲ."

ಲೇಖನಿ ಇಟ್ಟು ಎದ್ದು ಹೋದಳು. ನಿನ್ನಣ್ಣ ತಲೆ ತಗ್ಗಿಸಿದ. ತಪ್ಪು ಮಾಡಿದವನು ತಗ್ಗಿಸಲೇಬೇಕಲ್ಲ.

ನಮ್ಮವರ ಕಟ್ಟು ನಿನಗೆ ಗೊತ್ತಿಲ್ಲದ್ದಲ್ಲ. ಗಂಡನನ್ನು ಕಳೆದುಕೊಂಡು ಐದು ವರ್ಷ ಈ ಮನೆಯಲ್ಲಿದ್ದವಳು, ನಿಂಗಯ್ಯನ ಕೈಯಲ್ಲಿ ಸೀರೆ ಉಡಿಸಿಕೊಂಡು ಕೂಡಿಕೆಯಾಗಿ ಹೊರಟ ದಿನವೇ ಅದು ತೀರ್ಮಾನವಾದ ಮಾತು. ನಾನು ಹೊಸಿಲಲ್ಲಿ ನಿಂತು ಏನು ಹೇಳಿದೆ ಎಂಬುದೂ ನಿನಗೆ ನೆನಪಿದೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ಆದರೆ ಅರಿಸಿನದ ಮಾತು ಬೇರೆ, ಕರೆಯುವ ಮಾತು ಬೇರೆ. ಲೆಕ್ಕ ಹಾಕಿದವನು ಅಷ್ಟು ತಿಳಿದುಕೊಳ್ಳಬೇಕಿತ್ತು.

ಹಾಗಾಗಿ ಹೊಸ ಕಾಗದದ ಮೇಲೆ ಬರಿಯ ಬದನೆಕಾಯಿ ಬಣ್ಣ ಒತ್ತಿದ್ದು ನಿನ್ನ ಪಾಲಿಗೆ ಬಂದಿದೆ. ಎರಡು ಕಣ್ಣು, ಒಂದು ಜಡೆ, ಹೊಸಿಲು. ಸ್ವಲ್ಪ ಸೊಟ್ಟಗಿದೆ, ಜಡೆಯ ತುದಿಗೆ ಬಣ್ಣ ಹತ್ತಿಲ್ಲ. ಯಾರು ಒತ್ತಿದ್ದು ಎಂದು ಕೇಳಬೇಡ. ಮುಖದ ಹತ್ತಿರ ಹಳದಿ ಮೆತ್ತಿದಂತಿದ್ದರೆ, ಅಡುಗೆಮನೆಯಲ್ಲಿ ಇಟ್ಟಿದ್ದಾಗ ಹತ್ತಿರಬೇಕು.

ಬೇರೆ ಸುದ್ದಿ ಇಲ್ಲ. ನಿಂಗಯ್ಯನಿಗೆ ಕುಲುಮೆಯ ಹತ್ತಿರ ಕೆಲಸವಂತೆ, ಮಜ್ಜಿಗೆ ಕೊಡುತ್ತಿರು. ನಿನ್ನ ಕೂದಲು ಉದುರುತ್ತಿದೆ ಎಂದು ನಾಲ್ಕು ವರ್ಷದ ಹಿಂದೆ ನೀನು ಬರೆದಿದ್ದೆ. ದಾಸವಾಳದ ಎಲೆ ಅರೆದು ಹಚ್ಚು. ನಿನ್ನ ಮನೆ ತುಂಬಿರಲಿ, ಹೊಟ್ಟೆ ತಣ್ಣಗಿರಲಿ.

ಇಂತು ನಿನ್ನ ಅವ್ವ
ದೇವಿರಮ್ಮ

ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ:

ಲೆಕ್ಕ ಹಾಕಿದವನು ಚಾಮಯ್ಯ ಅಲ್ಲ. ನಾನು. ಹಳದಿ ಕಲಸಿಟ್ಟುಕೊಂಡು, "ಅವ್ವ, ಹತ್ತಿರದ ಮನೆ ಎಷ್ಟು, ಸರಿಯಾಗಿ ಎಣಿಸು, ಆಮೇಲೆ ಕೇಳಿದ್ರೆ ಇಲ್ಲ," ಎಂದು ಕೇಳಿದ. ಬೆರಳ ಗೆಣ್ಣು ಹಿಡಿದು ಎಣಿಸಿದೆ. ನಲವತ್ತೆಂಟಕ್ಕೆ ಬಂದು ಹೆಬ್ಬೆರಳು ನಿಂತಿತು. ಮುಂದಿನ ಗೆಣ್ಣು ನಿನ್ನದು. ನಲವತ್ತೆಂಟು ಎಂದೆ. "ಇನ್ನೊಂದ್ಸಲ ಎಣಿಸವ್ವ," ಎಂದ. "ಕಿವಿ ಕೇಳಲ್ವೇನ್ಲಾ? ನಲವತ್ತೆಂಟು," ಎಂದೆ. ಮೂರನೆಯ ಸಲ ಅವನು ಕೇಳಲಿಲ್ಲ. ಚಂದ್ರಮತಿಯ ಮುಂದೆ ಅವನು ತಲೆ ತಗ್ಗಿಸಿದ್ದು ನನ್ನ ಮುಖ ನೋಡಬಾರದು ಎಂದು. ಮಗಳ ಹತ್ತಿರ ಬೈಸಿಕೊಂಡ, ಅವ್ವನ ಹೆಸರು ಎತ್ತಲಿಲ್ಲ. ಇಷ್ಟುದ್ದದ ಕಾಗದದಲ್ಲಿ ಅವನನ್ನು ಏನೇನು ಅಂದಿದ್ದೇನೋ ಅದರಲ್ಲಿ ಅರ್ಧ ನನಗೆ ಸೇರಿಸಿಕೊಂಡು ಓದು. ಹೂಜಿ ಮುಖ ಮಾತ್ರ ಅವನದೇ.

ನಮ್ಮವರ ಕಟ್ಟುಪಾಡಿಗೆ ಹೆದರಿ ಲೆಕ್ಕದಲ್ಲಿ ನಿನ್ನ ಮನೆ ಬಿಟ್ಟೆ ಎಂದರೆ ಅದೂ ಸುಳ್ಳು. ನಿಮ್ಮಪ್ಪ ಹೋದಾಗ ನನಗೆ ಇಪ್ಪತ್ತೆಂಟು. ನನಗೂ ಒಬ್ಬರು ಕೂಡಿಕೆಗೆ ಕೇಳಿ ಕಳಿಸಿದ್ದರು. ಇದು ಯಾರಿಗೂ ಗೊತ್ತಿಲ್ಲ. ಊರವರ ಬಾಯಿಗೆ ಹೆದರಿ ಒಲ್ಲೆ ಎಂದೆ; ಆಮೇಲೆ ಅವರಿಗಿಂತ ದೊಡ್ಡ ಬಾಯಿ ಮಾಡಿಕೊಂಡು ಕೂತೆ. ನಾನು ಕೂತೆ. ನೀನು ಎದ್ದು ಹೋದೆ. ಅದು ನನಗೆ ಹನ್ನೊಂದು ವರ್ಷ ಅರಗಲಿಲ್ಲ.

ಹೋದ ವಾರ ಒಂದು ಬೆಳಿಗ್ಗೆ ಕೊನೆಯ ಬಣ್ಣ ಒತ್ತಿ ಮುಗಿಸಿ, ಮಧ್ಯಾಹ್ನ ಅವರೆಲ್ಲ ಜವಳಿ ತೆಗೆಯಲು ಹೋದಾಗ ಹಲಗೆಯ ಪಕ್ಕದಲ್ಲಿ ಬಣ್ಣ ಉಳಿದಿತ್ತು. ಲಟ್ಟಣಿಗೆ ನನ್ನದೇ, ಸೌಟು ನನ್ನದೇ. ಮಂಡಿ ಊರಿ ನಾನೇ ಒತ್ತಿದೆ. ಕಾಗದ ಎತ್ತಿದರೆ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು, ಮುಖ ಇರಲಿಲ್ಲ. ಅರಿಸಿನದ ಕೊಂಬು ತೇಯ್ದು ಹೆಬ್ಬೆರಳಿನಲ್ಲಿ ಮುಖ ತುಂಬಿಸಿದೆ. ಮದುವೆ ಅರಿಸಿನಕ್ಕೆ ನನ್ನ ಕೈಯೂ ಸಲ್ಲದ ಕೈಯೇ. ಮೂವತ್ತಮೂರು ವರ್ಷವಾಯಿತು, ಸಾರಿಗಲ್ಲದೆ ಇನ್ನೊಂದಕ್ಕೆ ಅರಿಸಿನ ಮುಟ್ಟಿ.

ಚಪ್ಪರದ ದಿನವೇ ಬಾ. ನಿಂಗಯ್ಯನನ್ನೂ ಕರೆದುಕೊಂಡು ಬಾ. ಚಂದ್ರಮತಿಗೆ ಅರಿಸಿನ ನೀನೇ ಹಚ್ಚು. ಅಡ್ಡ ಬಾಯಿ ಹಾಕುವವರು ಹಾಕಲಿ, ಅವರಿಗಿಂತ ದೊಡ್ಡ ಬಾಯಿ ಈ ಮನೆಯಲ್ಲಿ ಇನ್ನೂ ಇದೆ. ಇಷ್ಟು ದಿನ ಅದು ನಿನ್ನ ಕಡೆ ತಿರುಗಿತ್ತು.

ತಿಳಿ ಬಣ್ಣ ಕೊನೆಯಲ್ಲಿ ಹಚ್ಚಿದರೆ ನಿಲ್ಲುವುದಿಲ್ಲ ಎಂದು ನಿನ್ನಣ್ಣನ ಶಾಸ್ತ್ರ. ಭದ್ರಾವತಿ ತಲುಪುವ ಹೊತ್ತಿಗೆ ನಿಂತಿದೆಯೋ ಉದುರಿದೆಯೋ, ಬಂದು ಹೇಳು.